ತುಂಗೆಯಲ್ಲಿ ಕ್ಯಾನೋ: ಮಲಗುವ ಜಾಗ ಮೊದಲು, ಹೊಳೆ ಆಮೇಲೆ

ತೀರ್ಥಹಳ್ಳಿಯಿಂದ ಗಾಜನೂರು ಹಿನ್ನೀರಿನ ತನಕ ಕ್ಯಾನೋದಲ್ಲಿ, ಅಂದರೆ ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ, ಹೋಗ್ತೀನಿ ಅಂದಾಗ ಎಲ್ಲರೂ ಕೇಳಿದ್ದು ಸುಳಿ, ಮೊಸಳೆ, ಬಂಡೆಗಳ ಬಗ್ಗೆ. ನನ್ನ ತಲೆ ತಿಂದದ್ದು ಬೇರೆಯದೇ ಪ್ರಶ್ನೆ. ರಾತ್ರಿ ಮಲಗೋದು ಎಲ್ಲಿ?

ಮಳೆಗಾಲದ ತುಂಗೆಯ ಮಾತೇ ಬೇಡ, ಕೆಂಪು ನೀರು, ಭಯಂಕರ ಸೆಳೆತ. ಬೇಸಿಗೆ ಹತ್ತಿರವಾದರೆ ಬಂಡೆಗಳೆಲ್ಲ ಮೇಲೆದ್ದು, ಕ್ಯಾನೋ ನಮ್ಮನ್ನು ಹೊರುವ ಬದಲು ನಾವೇ ಅದನ್ನು ಹೊರಬೇಕು. ಹಾಗಾಗಿ ನವೆಂಬರ್ ಕೊನೆ, ಡಿಸೆಂಬರ್ ಮೊದಲು ಅಂತ ಇಟ್ಟುಕೊಂಡೆ. ಮಂಡಗದ್ದೆ ಸುತ್ತಮುತ್ತ ಶೆಟ್ಟಿಹಳ್ಳಿ ಅಭಯಾರಣ್ಯ. ಅಲ್ಲಿ ಅನುಮತಿ ಇಲ್ಲದೆ ಟೆಂಟ್ ಹಾಕುವ ಹಾಗಿಲ್ಲ. ಉಳಿದ ಕಡೆ ದಡದಲ್ಲಿ ಹೆಚ್ಚಾಗಿ ಯಾರದೋ ತೋಟ, ಯಾರದೋ ಗದ್ದೆ. ಅದಕ್ಕೇ ಮೊದಲು ಬೈಕ್‌ನಲ್ಲಿ ಹೋದೆ. ಶಿವಮೊಗ್ಗ ರಸ್ತೆ ಎಷ್ಟೋ ಕಡೆ ಹೊಳೆಗೆ ಹತ್ತಿರವೇ ಸಾಗುತ್ತದೆ. ಇಳಿಯಲು ಸುಲಭವಾದ ದಡ, ಮನೆ ಹತ್ತಿರ ಇರುವ ಜಾಗ ನೋಡಿ ಮನೆಯವರನ್ನು ಮಾತಾಡಿಸಿದೆ. ಅಡಿಕೆ ಕೊಯ್ಲಿನ ಕಾಲ, ಯಾರಿಗೂ ಪುರುಸೊತ್ತಿಲ್ಲ. ಆದರೂ ಒಬ್ಬರು, "ಹೊಳೆ ಬದಿ ಎಂತಕ್ಕೆ ಮಾರಾಯ್ರೆ, ಮನೆ ಪಕ್ಕದಲ್ಲೇ ಟೆಂಟ್ ಹಾಕಿ. ಹೇಗೂ ರಾತ್ರಿ ಅಡಿಕೆ ಸುಲಿತಾ ಎದ್ದೇ ಇರ್ತೇವೆ" ಅಂದರು. ಅಲ್ಲಿಗೆ ಅರ್ಧ ಪ್ಲಾನ್ ಮುಗಿಯಿತು.

ಮನೆ ಪಕ್ಕವೇ ಯಾಕೆ ಬೇಕಿತ್ತು ಅಂದರೆ, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಈ ಜ್ವರ ಹರಡುವುದು ಉಣ್ಣೆಯಿಂದ. ಮರಿ ಉಣ್ಣೆ ಎಳ್ಳಿಗಿಂತ ಸಣ್ಣದು, ಕಚ್ಚಿದ್ದು ಗೊತ್ತೂ ಆಗುವುದಿಲ್ಲ. ಮಳೆ ನಿಂತು ಕಾಡು ಒಣಗುವ ಹೊತ್ತಿಗೇ, ಅಂದರೆ ಹೊಳೆ ನಮಗೆ ಅನುಕೂಲವಾಗುವ ಹೊತ್ತಿಗೇ, ಅದರ ಕಾಲವೂ ಶುರು. ಹೊರಡುವ ಮೊದಲು ಆಯಾ ಊರಿನ ಆಶಾ ಕಾರ್ಯಕರ್ತೆಯರನ್ನು ಕೇಳಿದೆ: ಈ ಕಡೆ ಎಲ್ಲಾದರೂ ಮಂಗ ಸತ್ತಿದೆಯಾ? ಹೌದು ಅಂದಿದ್ದರೆ, ಅಲ್ಲಿ ಕಾಯಿಲೆ ಇರಬಹುದು ಅಂತ ಆ ಜಾಗ ಬಿಟ್ಟುಬಿಡುತ್ತಿದ್ದೆ. ಒಣಗಿದ ದರಗೆಲೆ ಮೇಲೆ ಕೂರಲಿಲ್ಲ, ಸೌದೆಗೆ ಅಂತ ಕಾಡಿಗೆ ನುಗ್ಗಲಿಲ್ಲ. ಪ್ಯಾಂಟ್ ತುದಿ ಸಾಕ್ಸ್ ಒಳಗೆ. ಉಣ್ಣೆ ಹತ್ತದಿರಲಿ ಅಂತ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ. ಸಂಜೆ ಟಾರ್ಚ್ ಹಿಡಿದು ಮಂಡಿ ಹಿಂದೆ, ಸೊಂಟದ ಪಟ್ಟಿ, ಕಂಕುಳು ನೋಡಿಕೊಳ್ಳದೆ ಮಲಗಿದ್ದೇ ಇಲ್ಲ. ಟೆಂಟ್, ಹುಟ್ಟುಗಳ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುವವರು ಇದನ್ನು ಯಾಕೋ ಮರೆಯುತ್ತಾರೆ.

ದೂರದ ಲೆಕ್ಕ ಹೀಗೆ: ನಿಂತ ನೀರಿನಲ್ಲಿ ಗಂಟೆಗೆ ನಾಲ್ಕು ಕಿಲೋಮೀಟರ್ ಸಾಗಬಹುದು. ನಾನು ಎರಡೇ ಅಂತ ಹಿಡಿದೆ. ಬಂಡೆ ಸಿಕ್ಕಲ್ಲೆಲ್ಲ ಇಳಿದು ತಳ್ಳಬೇಕಲ್ವಾ? ಬೆಳಗಿನ ಮಂಜು ಕರಗುವ ತನಕ ನೀರಿಗೆ ಇಳಿಯುವಂತಿಲ್ಲ, ಎದುರಿನ ಬಂಡೆ ಕಾಣುವುದಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ದಡ ಸೇರಲೇಬೇಕು. ಉಳಿಯುವುದು ಐದಾರು ಗಂಟೆ ಅಷ್ಟೇ.

ಬಂಡೆ ಗುರುತಿಸುವುದು ಕಷ್ಟವಲ್ಲ. ನೀರಿನ ಮೇಲೆ ಮೂಡುವ ಬಾಣದಂಥ ಅಲೆಯ ಚೂಪು ನಮ್ಮ ಕಡೆ ತಿರುಗಿದ್ದರೆ ಅಲ್ಲಿ ಕೆಳಗೆ ಕಲ್ಲಿದೆ. ಚೂಪು ಹೊಳೆ ಹರಿಯುವ ಕಡೆ ಇದ್ದು, ನಡುವಿನ ನೀರು ನುಣುಪಾಗಿ ಜಾರುತ್ತಿದ್ದರೆ ಅದೇ ದಾರಿ. ಅನುಮಾನ ಬಂದರೆ ದಡಕ್ಕೆ ಬಂದು ನಡೆದು ನೋಡುವುದು. ಲೈಫ್ ಜಾಕೆಟ್ ಬಿಚ್ಚುವುದು ನೆಲದ ಮೇಲೆ ಮಾತ್ರ.

ಸಾಮಾನು ಜಾಸ್ತಿ ಇಲ್ಲ. ಅಕ್ಕಿ, ಅವಲಕ್ಕಿ, ಮಿಡಿ ಉಪ್ಪಿನಕಾಯಿ, ಪಾತ್ರೆ ಎಲ್ಲ ಗಟ್ಟಿ ಮುಚ್ಚಳದ ನೀಲಿ ಡ್ರಮ್‌ಗೆ. ಭಾರದ್ದು ಕ್ಯಾನೋದ ನಡುವೆ, ತಳದಲ್ಲಿ. ಕಂಬಳಿ ಮಾತ್ರ ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಸುತ್ತಿದೆ, ಅದೊಂದು ನೆಂದರೆ ಡಿಸೆಂಬರ್ ರಾತ್ರಿ ಕಳೆಯುವುದು ಕಷ್ಟ. ಒಂದು ಹುಟ್ಟು ಹೆಚ್ಚಿಗೆ. ಹೊಳೆ ನೀರು ಕುದಿಸಿಯೇ ಕುಡಿದದ್ದು.

ಮಂಡಗದ್ದೆಯಲ್ಲಿ ಹಕ್ಕಿಗಳ ನಡುಗಡ್ಡೆಯಿಂದ ದೂರವೇ ಸಾಗಿದೆ. ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಈಗ ಗದ್ದಲವಿಲ್ಲ, ಆದರೂ ಹತ್ತಿರ ಹೋಗುವ ಕೆಲಸವೇನಿದೆ? ಗಾಜನೂರು ಹಿನ್ನೀರಿಗೆ ಬಂದ ಮೇಲೆ ಸೆಳೆತ ಸತ್ತುಹೋಗುತ್ತದೆ. ಎದುರುಗಾಳಿ ಬೀಸಿತೋ, ಹುಟ್ಟು ಹಾಕಿ ಹಾಕಿ ರಟ್ಟೆ ಬಿದ್ದುಹೋಗುತ್ತದೆ.

ಸಕ್ರೆಬೈಲಿನ ಆನೆ ಬಿಡಾರದಲ್ಲಿ ಬೆಳಿಗ್ಗೆ ಆನೆಗಳನ್ನು ಸ್ನಾನಕ್ಕೆ ನೀರಿಗೆ ಇಳಿಸುತ್ತಾರೆ. ಅಲ್ಲಿ ಕ್ಯಾನೋ ತೂರಿಸುವ ಸಾಹಸ ನನಗೆ ಬೇಡವಾಗಿತ್ತು, ಸಾಕಷ್ಟು ಹಿಂದೆಯೇ ದಡ ಹತ್ತಿದೆ. ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ ಅಂತ, ನನ್ನನ್ನೂ ಕ್ಯಾನೋವನ್ನೂ ವಾಪಸ್ ಒಯ್ಯಲು ಬರಬೇಕಿದ್ದ ಗೂಡ್ಸ್ ಗಾಡಿಯವರಿಗೆ ಜಾಗ, ಹೊತ್ತು ಎರಡನ್ನೂ ಮೊದಲೇ ಹೇಳಿಟ್ಟಿದ್ದೆ. ಹೇಳಿದ ಹೊತ್ತಿಗೆ ನಾನು ಕಾಣದಿದ್ದರೆ ಯಾವ ತೋಟದ ಮನೆಗೆ ಫೋನ್ ಮಾಡಬೇಕು ಅನ್ನುವುದನ್ನೂ ಬರೆದು ಕೊಟ್ಟಿದ್ದೆ.