ಮ್ಯಾಡ್ರಿಡ್‌ನ ಕಲಾಸಂಗ್ರಹಾಲಯಗಳನ್ನು ನೋಡುವ ಕ್ರಮ

ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನಲ್ಲಿ ಪ್ರಾಡೊ, ರೇನಾ ಸೋಫಿಯಾ ಮತ್ತು ಥೈಸೆನ್-ಬೋರ್ನೆಮಿಸಾ ಎಂಬ ಮೂರು ದೊಡ್ಡ ಕಲಾಸಂಗ್ರಹಾಲಯಗಳು ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿವೆ. ಹತ್ತಿರವಿರುವ ಕಾರಣಕ್ಕೇ ಹಲವರು ಮೂರನ್ನೂ ಒಂದೇ ದಿನದಲ್ಲಿ ಮುಗಿಸಲು ಹೊರಡುತ್ತಾರೆ. ಸಂಜೆಯ ಹೊತ್ತಿಗೆ ಕಾಲು ಸೋತು, ನೋಡಿದ ಚಿತ್ರಗಳೆಲ್ಲ ಒಂದರೊಳಗೊಂದು ಕಲಸಿಹೋಗಿರುತ್ತವೆ. ಕನಿಷ್ಠ ಎರಡು ದಿನಗಳನ್ನಾದರೂ ಮೀಸಲಿಡಬೇಕು. ಅದು ಸಾಧ್ಯವಿಲ್ಲದಿದ್ದರೆ ಒಂದನ್ನು ಬಿಟ್ಟುಬಿಡುವುದೇ ಲೇಸು.

ಮೊದಲ ದಿನ ಬೆಳಿಗ್ಗೆ 10 ಗಂಟೆಗೆ ಬಾಗಿಲು ತೆರೆಯುವಾಗಲೇ ಪ್ರಾಡೊದಲ್ಲಿರಿ. ಟಿಕೆಟ್ಟನ್ನು ಸಮಯ ಗೊತ್ತುಪಡಿಸಿ ಮುಂಚಿತವಾಗಿ ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಸಾಲು ತಪ್ಪುತ್ತದೆ. ಸೋಮವಾರದಿಂದ ಶನಿವಾರದವರೆಗೆ ಸಂಜೆ 6ರಿಂದ 8ರವರೆಗೆ ಪ್ರವೇಶ ಉಚಿತವಾದರೂ, ಆ ಹೊತ್ತಿನ ಜನಸಂದಣಿಯಲ್ಲಿ ಮೊದಲ ಭೇಟಿ ಮಾಡುವುದು ನನಗೆ ಸರಿಯೆನಿಸುವುದಿಲ್ಲ. ಬೆಳಿಗ್ಗೆ ಮೆಚ್ಚಿದ ಚಿತ್ರವೊಂದನ್ನು ಮತ್ತೆ ನೋಡಿ ಬರಲು ಅದು ತಕ್ಕ ವೇಳೆ. ಒಳಗೆ ಛಾಯಾಚಿತ್ರ ತೆಗೆಯಲು ಅವಕಾಶವಿಲ್ಲ, ದೊಡ್ಡ ಚೀಲಗಳನ್ನು ಒಪ್ಪಿಸಿಯೇ ಹೋಗಬೇಕು.

ನೇರವಾಗಿ ಮೊದಲ ಮಹಡಿಯ 12ನೇ ಕೋಣೆಗೆ ನಡೆಯಿರಿ. ಅಲ್ಲಿ ವೆಲಾಸ್ಕೆಸ್ 1656ರಲ್ಲಿ ಬಿಡಿಸಿದ ‘ಲಾಸ್ ಮೆನಿನಾಸ್’ ಇದೆ. ಮೂರು ಮೀಟರಿಗಿಂತಲೂ ಎತ್ತರವಾದ ಈ ಚಿತ್ರವನ್ನು ಮೊದಲು ದೂರದಿಂದ ನೋಡಿ: ಪುಟ್ಟ ರಾಜಕುಮಾರಿ, ಅವಳ ಸಖಿಯರು, ಕುಂಚ ಹಿಡಿದು ನಿಂತ ಸ್ವತಃ ಚಿತ್ರಕಾರ, ಹಿಂದಿನ ಗೋಡೆಯ ಕನ್ನಡಿಯಲ್ಲಿ ಮಸುಕಾಗಿ ಕಾಣುವ ರಾಜ ನಾಲ್ಕನೆಯ ಫಿಲಿಪ್ ಮತ್ತು ರಾಣಿ. ಬಳಿಕ ಮೆಲ್ಲನೆ ಹತ್ತಿರ ಬಂದರೆ, ದೂರದಿಂದ ಬೆಳ್ಳಿಯ ಕಸೂತಿಯಂತೆ ಹೊಳೆಯುತ್ತಿದ್ದ ಉಡುಪು ಬರೀ ಬಿಡುಬೀಸಾದ ಕುಂಚದ ಎಳೆಗಳಾಗಿ ಬಿಡಿಬಿಡಿಯಾಗುತ್ತದೆ. ಈ ಹಿಂದುಮುಂದಿನ ನಡಿಗೆಯನ್ನು ನಾಲ್ಕಾರು ಬಾರಿ ಮಾಡದೆ ಆ ಕೋಣೆಯನ್ನು ಬಿಡಬೇಡಿ.

ಅಲ್ಲಿಂದ ನೆಲಮಹಡಿಗೆ ಇಳಿದು ಗೋಯಾನ ಕೃತಿಗಳನ್ನು ನೋಡಿ. 1808ರಲ್ಲಿ ನೆಪೋಲಿಯನ್ನನ ಸೈನಿಕರು ಮ್ಯಾಡ್ರಿಡ್‌ನ ಜನರನ್ನು ಗುಂಡಿಕ್ಕಿ ಕೊಂದುದನ್ನು ಅವನು 1814ರಲ್ಲಿ ಚಿತ್ರಿಸಿದ್ದಾನೆ. ಬಿಳಿ ಅಂಗಿಯವನು ಎರಡೂ ತೋಳುಗಳನ್ನೆತ್ತಿದ್ದಾನೆ, ನೆಲದ ಮೇಲಿನ ಲಾಂದ್ರದ ಬೆಳಕು ಅವನ ಮೇಲೆ ಬಿದ್ದಿದೆ, ಆದರೆ ಕೊಲ್ಲುವವರ ಮುಖಗಳನ್ನು ಗೋಯಾ ತೋರಿಸುವುದೇ ಇಲ್ಲ. ಸಮೀಪದಲ್ಲೇ, ಅವನು ತನ್ನ ಮನೆಯ ಗೋಡೆಗಳ ಮೇಲೆ ಬರೆದು, ಆಮೇಲೆ ಕ್ಯಾನ್ವಾಸಿಗೆ ವರ್ಗಾಯಿಸಲ್ಪಟ್ಟ 14 ‘ಕಪ್ಪು ಚಿತ್ರ’ಗಳಿವೆ.

ಗೋಯಾನನ್ನು ನೋಡಿದ ಮರುದಿನವೇ ರೇನಾ ಸೋಫಿಯಾದ ‘ಗೆರ್ನಿಕಾ’ದ ಮುಂದೆ ನಿಲ್ಲಬೇಕೆಂಬುದು ನನ್ನ ಆಗ್ರಹ. 1937ರಲ್ಲಿ ಸ್ಪೇನಿನ ಗೆರ್ನಿಕಾ ಪಟ್ಟಣದ ಮೇಲೆ ನಡೆದ ಬಾಂಬ್ ದಾಳಿಯ ನಂತರ ಪಿಕಾಸೊ ಬರೆದ, ಸುಮಾರು 7.8 ಮೀಟರ್ ಅಗಲದ ಈ ಚಿತ್ರದಲ್ಲಿಯೂ ದೀಪವಿದೆ, ಮೇಲೆತ್ತಿದ ತೋಳುಗಳಿವೆ. ಕೊಲ್ಲುವವರಂತೂ ಚಿತ್ರದೊಳಗೇ ಇಲ್ಲ. ಎರಡನ್ನೂ ಬೆನ್ನುಬೆನ್ನಿಗೆ ನೋಡಿದವರಿಗೆ ಈ ನಂಟು ಯಾರೂ ವಿವರಿಸದೆಯೇ ಕಾಣುತ್ತದೆ. ಈ ಸಂಗ್ರಹಾಲಯಕ್ಕೆ ಮಂಗಳವಾರ ರಜೆಯಿರುವುದರಿಂದ ಪ್ರಾಡೊ ಭೇಟಿಯನ್ನು ಸೋಮವಾರಕ್ಕೆ ಇಟ್ಟುಕೊಳ್ಳಬೇಡಿ.

ಸಮಯ ಉಳಿದರೆ ಥೈಸೆನ್‌ಗೆ ಹೋಗಿ. ಸೋಮವಾರ ಮಧ್ಯಾಹ್ನ 12ರಿಂದ 4ರವರೆಗೆ ಅದರ ಕಾಯಂ ಸಂಗ್ರಹವನ್ನು ಉಚಿತವಾಗಿ ನೋಡಬಹುದು. ಮೂರಕ್ಕೂ ಹೋಗುವವರಿಗೆ ‘ಪಸೇಯೊ ದೆಲ್ ಆರ್ತೆ’ ಎಂಬ ಒಟ್ಟು ಟಿಕೆಟ್ ದೊರೆಯುತ್ತದೆ. ಹೊರಡುವ ಮುನ್ನ ಆಯಾ ಸಂಗ್ರಹಾಲಯದ ಜಾಲತಾಣದಲ್ಲಿ ವೇಳೆಯನ್ನು ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ.