ಗ್ರೈಂಡರಿನ ಬಣ್ಣ ಬಿಡಿ, ಹಲ್ಲು ನೋಡಿ

ಒಣ ಎಲೆ ಪುಡಿ ಮಾಡುವ ಹಲ್ಲಿನ ಡಬ್ಬಿ, ಅಂದರೆ ಕೈಯಲ್ಲಿ ತಿರುಗಿಸುವ ಗ್ರೈಂಡರಿನಲ್ಲಿ, ಎಲೆ ಒಂದೇ ಪುಡಿಯಾಗುವುದಿಲ್ಲ. ಅಗ್ಗದ್ದಾದರೆ ಡಬ್ಬಿಯೂ ಸ್ವಲ್ಪ ಪುಡಿಯಾಗಿ ಎಲೆಯ ಜೊತೆ ಸೇರುತ್ತದೆ. ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ಲೇತ್ ಓಡಿಸುವ ನನಗೆ ಮೊದಲು ಕಾಣುವುದೇ ಅದು. ಟೊರಾಂಟೊದಲ್ಲಿರುವ ಅಕ್ಕನ ಮಗ ಗಾಂಜಾಕ್ಕೆ ಗ್ರೈಂಡರ್ ತಗೋಬೇಕು, ಯಾವ ಲೋಹ ಒಳ್ಳೇದು ಅಂತ ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಕೆನಡಾದಲ್ಲಿ 2018ರಿಂದ ವಯಸ್ಕರಿಗೆ ಅದು ಕಾನೂನುಬದ್ಧ. ಇಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ ಇಟ್ಟುಕೊಂಡರೂ ಕೇಸು. ಬಳಸಿದ ಡಬ್ಬಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಊರಿಗೆ ಬರಬೇಡ ಅಂತ ಅವನಿಗೆ ಹೇಳಿದ್ದೇನೆ. ನಮ್ಮ ಮನೆಯಲ್ಲಿ ಇಂಥದೇ ಡಬ್ಬಿ ಒಣಗಿದ ತುಳಸಿ, ಪುದೀನಾ ಪುಡಿಗೆ ಇದೆ. ಲೋಹದ ಲೆಕ್ಕ ಎರಡಕ್ಕೂ ಒಂದೇ.

ಕೈಗೆ ಭಾರ ಬಂದರೆ ಗಟ್ಟಿ ಮಾಲು ಅಂತ ಜನ ತಿಳಿಯುತ್ತಾರೆ. ಸುಮ್ನೆ. ಅಗ್ಗದ ಗ್ರೈಂಡರುಗಳು ಹೆಚ್ಚಾಗಿ ಸತುವಿನ ಎರಕ. ಅದೇ ಗಾತ್ರದ ಅಲ್ಯುಮಿನಿಯಂನ ಸುಮಾರು ಎರಡೂವರೆ ಪಟ್ಟು ತೂಗುತ್ತದೆ. ಮೇಲೆ ತೆಳ್ಳಗೆ ಪ್ಲೇಟಿಂಗ್ ಅಥವಾ ಬಣ್ಣ ಇರುತ್ತದೆ, ಹಲ್ಲಿನ ತುದಿಯಲ್ಲಿ ಅದು ಮೊದಲು ಏಳುತ್ತದೆ. ಆ ಚೂರು ಹೋಗುವುದು ನಿಮ್ಮ ಗಂಟಲಿಗೇ ಅಲ್ವಾ? ಸ್ಟೇನ್‌ಲೆಸ್ ಸ್ಟೀಲ್ 304 ಎಲ್ಲಕ್ಕಿಂತ ಒಳ್ಳೆಯದು, ಬೆಲೆ ಮಾತ್ರ ಜಾಸ್ತಿ. ಆಮೇಲೆ ಬಣ್ಣ ಬಳಿಯದ, ಮೆಷಿನ್ನಿನಲ್ಲಿ ಕೊರೆದ ಅಲ್ಯುಮಿನಿಯಂ. ಅಕ್ರಿಲಿಕ್ ಬೇಡ, ಹಲ್ಲು ಮುರಿಯುತ್ತದೆ.

ಹಲ್ಲಿನ ಅಂಚು ಚೂಪಾಗಿರಬೇಕು, ಆದರೆ ಉಗುರಿಗೆ ಬರ್, ಅಂದರೆ ಕೊರೆದಾಗ ಅಂಚಿನಲ್ಲಿ ಉಳಿಯುವ ಲೋಹದ ಮುಳ್ಳು, ಸಿಗಬಾರದು. ಮುಚ್ಚಳ ತಳಕ್ಕೆ ಕೂರುವ ಕಡೆ ನೈಲಾನ್ ಉಂಗುರ ಇದೆಯೇ ನೋಡಿ. ಅದಿಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜಿ ಕಪ್ಪು ಪುಡಿ ಬರುತ್ತದೆ. ಮನೆಗೆ ತಂದ ಮೇಲೆ ಸೋಪು ನೀರಲ್ಲಿ ತೊಳೆಯಿರಿ, ಕಾರ್ಖಾನೆಯಲ್ಲಿ ಲೋಹ ಕೊರೆಯುವಾಗ ಹಾಕಿದ ಕಟಿಂಗ್ ಆಯಿಲ್ ಹೋಗಬೇಕು. ಒಣಗಿಸಿ, ಖಾಲಿಯಾಗಿಯೇ ಚೆನ್ನಾಗಿ ತಿರುಗಿಸಿ, ಬಿಳಿ ಬಟ್ಟೆಯಲ್ಲಿ ಒಳಗೆಲ್ಲ ಒರೆಸಿ. ಒರೆಸಿದಷ್ಟು ಸಲವೂ ಬಟ್ಟೆ ಕಪ್ಪಾಗುತ್ತಿದ್ದರೆ ವಾಪಸ್ ಕೊಡಿ.

ತುಳಸಿ ಪುಡಿ ಮಾಡಿದ್ದಕ್ಕೆ ಬ್ರಷ್ ಸಾಕು. ಗಾಂಜಾದ ಅಂಟು ಹಾಗಲ್ಲ, ಹಲಸಿನ ಮೇಣದ ಹಾಗೆ ನೀರಿಗೆ ಜಗ್ಗುವುದಿಲ್ಲ. ಡಬ್ಬಿ ಬಿಚ್ಚಿ ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ. ಅಂಟು ಬಿರುಸಾಗುತ್ತದೆ. ಕಾಗದದ ಮೇಲೆ ತಟ್ಟಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉದುರಿಸಿ. ಉಳಿದದ್ದಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್, 90 ಪರ್ಸೆಂಟ್‌ಗಿಂತ ಮೇಲಿನದು. ನಮ್ಮಲ್ಲಿ ಮೊಬೈಲ್ ರಿಪೇರಿಯವರು ಐಪಿಎ ಅನ್ನುವುದು ಇದಕ್ಕೇ. ನೈಲಾನ್ ಉಂಗುರ ತೆಗೆದಿಟ್ಟು, ಲೋಹದ ಭಾಗ ಮುಳುಗುವಷ್ಟು ಗಾಜಿನ ಬಾಟಲಿಗೆ ಸುರಿದು ಅರ್ಧ ಗಂಟೆ ನೆನೆಸಿ. ಒಳಗೆ ಪುಡಿ ಸೋಸುವ ಜಾಲರಿ ಇದ್ದರೆ ಅದನ್ನು ಮೆತ್ತಗೆ ಉಜ್ಜಿ, ಒತ್ತಿದರೆ ಸಡಿಲಾಗುತ್ತದೆ. ಕಿಟಕಿ ತೆರೆದಿರಲಿ. ಅಡುಗೆಮನೆಯಲ್ಲಿ ಮಾತ್ರ ಮಾಡಬೇಡಿ, ಅದರ ಆವಿಗೆ ಒಲೆಯ ಕಿಡಿ ಸಾಕು. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಥಿನ್ನರ್, ಪೆಟ್ರೋಲ್ ಅಂತೂ ಕೇಳಲೇಬೇಡಿ. ಅಕ್ರಿಲಿಕ್ ಡಬ್ಬಿ ಆಲ್ಕೋಹಾಲ್‌ಗೆ ಬಿರುಕು ಬಿಡುತ್ತದೆ, ಅದಕ್ಕೆ ಬೆಚ್ಚಗಿನ ಸೋಪು ನೀರೇ ಗತಿ.

ಕೊನೆಗೆ ಬಿಸಿ ನೀರು, ಪಾತ್ರೆ ತೊಳೆಯುವ ಸೋಪು. ನಮ್ಮ ಹೆಣ್ಣುಮಕ್ಕಳು ತಾಮ್ರ ತಿಕ್ಕುವ ರೂಢಿಯಲ್ಲಿ ಹುಣಸೆಹಣ್ಣು ಹಾಕುತ್ತಾರೆ. ಸತುವಿಗೂ ಅಲ್ಯುಮಿನಿಯಂಗೂ ಹುಳಿ ಆಗುವುದಿಲ್ಲ, ಮೈ ತಿನ್ನುತ್ತದೆ. ವಾಷಿಂಗ್ ಸೋಡಾ, ಸ್ಟೀಲ್ ನಾರು ಕೂಡ ಬೇಡ. ತೊಳೆದ ಮೇಲೆ ಬಿಸಿಲಿಗಿಡಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬಿಸಿಲು ಎಲ್ಲಿ ಬರಬೇಕು, ಫ್ಯಾನ್ ಕೆಳಗೆ ರಾತ್ರಿಯಿಡೀ ಬಿಡಿ. ಹಸಿ ಇದ್ದಾಗ ಮುಚ್ಚಿಟ್ಟರೆ ಒಳಗೆ ಉಳಿದ ಎಲೆಗೆ ಬೂಸ್ಟು ಹಿಡಿಯುತ್ತದೆ.

ಮುಚ್ಚಳ ತಿರುಪುವ ಥ್ರೆಡ್ ಬಿಗಿಯಾಯಿತು ಅಂತ ಎಣ್ಣೆ ಬಿಡಬೇಡಿ. ಎಣ್ಣೆಗೆ ಪುಡಿ ಸೇರಿ ಇನ್ನೂ ಕಚ್ಚಿಕೊಳ್ಳುತ್ತದೆ. ಆಲ್ಕೋಹಾಲ್‌ನಲ್ಲಿ ಅದ್ದಿದ ಬ್ರಷ್ ಥ್ರೆಡ್ಡಿನ ಸುತ್ತ ಎರಡು ಸಲ ಆಡಿಸಿದರೆ ಬಿಡುತ್ತದೆ.