ಮುಂಗಾರಿಗೆ ಮೂಡಲ, ಹಿಂಗಾರಿಗೆ ಪಡುವಲ: ಶ್ರೀಲಂಕಾದಲ್ಲಿ ಯಾವ ಕಡಲು?

ನಾನು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ. ಶೆಡ್ಡಿನಲ್ಲಿ ಒಣದ್ರಾಕ್ಷಿ ಇರುವಾಗ ಅಂಗೈಯಗಲ ಮೋಡ ಕಂಡರೂ ತಾಡಪತ್ರಿ ಹಿಡಿದು ಓಡುವವನು. ಅಂಥವನು ಪಾಸ್‌ಪೋರ್ಟ್ ಮಾಡಿಸಿಕೊಂಡು, ಸಮುದ್ರ ದಾಟಿ ಹೋಗಿ, ಸ್ವಂತ ದುಡ್ಡಿನಲ್ಲಿ ಐದು ದಿನ ಮಳೆ ನೋಡಿ ಬಂದೆ. ಮೇ ಕೊನೆಯ ವಾರ, ಶ್ರೀಲಂಕಾದ ದಕ್ಷಿಣ ತೀರದ ಉನವಟುನ. ಟಿಕೆಟ್ ಮಾಡಿಸಿಕೊಟ್ಟವರು ‘ಈಗ ಸೀಸನ್ ಅಲ್ಲ, ಅದಕ್ಕೇ ಅಗ್ಗ’ ಎಂದಿದ್ದರು. ನನ್ನ ಕಿವಿಗೆ ಬಿದ್ದದ್ದು ‘ಅಗ್ಗ’ ಒಂದೇ. ದಂಡೆಯಲ್ಲಿ ಕೆಂಪು ಬಾವುಟ, ನೀರಿಗೆ ಇಳಿಯುವಂತಿಲ್ಲ. ಮಕ್ಕಳು ಕೋಣೆಯಲ್ಲಿ ಇಸ್ಪೀಟು ಕಲಿತರು.

ಎರಡು ವರ್ಷ ಬಿಟ್ಟು ಅದೇ ಮೇ ಕೊನೆಯ ವಾರ, ಅದೇ ದೇಶಕ್ಕೆ ಮತ್ತೆ ಹೋದೆವು, ಆದರೆ ಪೂರ್ವ ತೀರಕ್ಕೆ. ಆರು ದಿನದಲ್ಲಿ ಒಂದು ಹನಿ ಬೀಳಲಿಲ್ಲ.

ಇದರಲ್ಲಿ ಪವಾಡವೇನೂ ಇಲ್ಲ. ಖಾನಾಪುರದ ಕಾಡಿನಲ್ಲಿ ಧೋ ಎಂದು ಸುರಿಯುವ ಮುಂಗಾರು ನಮ್ಮ ವಿಜಯಪುರ ಮುಟ್ಟುವಷ್ಟರಲ್ಲಿ ಬರೀ ಗಾಳಿಯಾಗಿರುತ್ತದೆಯಲ್ಲ, ಅಲ್ಲಿಯೂ ಅದೇ ಲೆಕ್ಕ. ನಮಗೆ ಸಹ್ಯಾದ್ರಿ ಅಡ್ಡ, ಅವರಿಗೆ ನಡುನಾಡಿನ ಬೆಟ್ಟಗಳು ಅಡ್ಡ. ಅವುಗಳಲ್ಲಿ ಎತ್ತರದ ಪಿದುರುತಲಾಗಲ 2,524 ಮೀಟರ್ ಇದೆ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಮಾರುತ ಪಶ್ಚಿಮ ಮತ್ತು ದಕ್ಷಿಣ ತೀರವನ್ನು ತೋಯಿಸಿ, ಬೆಟ್ಟ ಹತ್ತಿ, ಆಚೆಗೆ ಒಣಗಿ ಇಳಿಯುತ್ತದೆ. ಆಗ ಪೂರ್ವ ತೀರ ಎಂದರೆ ಸಮುದ್ರವಿರುವ ವಿಜಯಪುರ. ನಾವು ಬಿಳಿಜೋಳ ಬಿತ್ತಿ ಹಿಂಗಾರಿನ ದಾರಿ ನೋಡುವ ಹೊತ್ತಿಗೆ ಗಾಳಿ ತಿರುಗುತ್ತದೆ. ಈಶಾನ್ಯದಿಂದ ಬರುವ ಮಳೆ ಪೂರ್ವಕ್ಕೆ ಬಡಿಯುತ್ತದೆ, ಡಿಸೆಂಬರ್‌ನಿಂದ ಪಶ್ಚಿಮ ಮತ್ತು ದಕ್ಷಿಣದ ಕಡಲು ಶಾಂತವಾಗುತ್ತದೆ. ಅಲ್ಲಿನ ರೈತರಿಗೂ ನಮ್ಮಂತೆ ಎರಡು ಹಂಗಾಮು: ಮುಂಗಾರಿನ ‘ಯಲ’ ಮತ್ತು ಹಿಂಗಾರಿನ ‘ಮಹಾ’. ಹೋಟೆಲಿನವರು ‘ವರ್ಷಪೂರ್ತಿ ಚೆನ್ನಾಗಿರುತ್ತದೆ’ ಎನ್ನುತ್ತಾರೆ; ಭತ್ತ ಬೆಳೆಯುವವರು ಹಾಗೆ ಹೇಳುವುದಿಲ್ಲ.

ಆದ್ದರಿಂದ ನಕಾಶೆಗಿಂತ ಮೊದಲು ಕ್ಯಾಲೆಂಡರ್ ಬಿಡಿಸಿ. ಬೇಸಿಗೆ ರಜೆಯಾದರೆ ಪೂರ್ವ. ಏಪ್ರಿಲ್ 13–14ರ ಆಸುಪಾಸು ಮಾತ್ರ ಬೇಡ. ಅದು ಸಿಂಹಳ ಮತ್ತು ತಮಿಳರ ಹೊಸ ವರ್ಷ, ಅಂಗಡಿಗಳು ಮುಚ್ಚಿರುತ್ತವೆ, ಬಸ್ಸು ರೈಲುಗಳಲ್ಲಿ ಊರಿಗೆ ಹೋಗುವವರ ನೂಕುನುಗ್ಗಲು. ಮೇ ಹುಣ್ಣಿಮೆಯ ವೇಸಕ್ ಹಬ್ಬಕ್ಕೆ ದೀಪಾಲಂಕಾರ ನೋಡುವಂತಿರುತ್ತದೆ, ಆದರೆ ಕೋಣೆ ಮೊದಲೇ ಹಿಡಿಯಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬಿಡುವಿರುವ ಪುಣ್ಯವಂತರು ದಕ್ಷಿಣಕ್ಕೆ ಹೋಗಲಿ. (ನಮಗೆ ಅದು ದ್ರಾಕ್ಷಿ ಕೊಯ್ಲಿನ ಕಾಲ, ಈ ಜನ್ಮದಲ್ಲಿ ಆಗದು.) ದಸರಾ ರಜೆಗೆ ಎರಡೂ ಬೇಡ. ಅಕ್ಟೋಬರ್, ನವೆಂಬರ್‌ನಲ್ಲಿ ಗಾಳಿ ಅತ್ತಲೂ ಇಲ್ಲ ಇತ್ತಲೂ ಇಲ್ಲ, ಮಧ್ಯಾಹ್ನವಾದರೆ ಎಲ್ಲ ಕಡೆ ಗುಡುಗು. ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲವೂ ಅದೇ. 1978ರ ನವೆಂಬರ್‌ನಲ್ಲಿ ಪೂರ್ವದ ಮಟ್ಟಕ್ಕಳಪ್ಪು (ಬ್ಯಾಟಿಕಲೋವಾ) ಪಟ್ಟಣವನ್ನು ಅಂಥದೊಂದು ನುಚ್ಚುನೂರು ಮಾಡಿತ್ತು.

ತೀರ ಗೊತ್ತಾದ ಮೇಲೆ ಊರು. ಇಲ್ಲಿ ನಿಮ್ಮ ಜೊತೆ ಯಾರು ಬರುತ್ತಾರೆ ಎಂಬುದೇ ಮುಖ್ಯ. ನಾವು ಈಜು ಕಲಿತದ್ದು ತೋಟದ ಬಾವಿಯಲ್ಲಿ. ಬಾವಿಯ ನೀರು ಇದ್ದಲ್ಲೇ ಇರುತ್ತದೆ, ಸಮುದ್ರದ ನೀರು ಕಾಲು ಹಿಡಿದು ಎಳೆಯುತ್ತದೆ. ಬಾವಿಯ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು. ಅದಕ್ಕೇ ನಾನು ಪೂರ್ವ ತೀರದ ಪಾಸಿಕುಡಾ ಆರಿಸಿಕೊಂಡೆ. ಕುದುರೆ ಲಾಳದಂತೆ ಬಾಗಿದ ಕೊಲ್ಲಿ. ಅಲೆ ಎಂಬುದು ಹೆಸರಿಗೆ ಮಾತ್ರ. ಮೊದಲ ಸಂಜೆ ಅವ್ವ ಸೀರೆ ಎತ್ತಿ ಹಿಡಿದು ನೀರಿಗೆ ಇಳಿದಳು. ಹತ್ತು ಹೆಜ್ಜೆ, ಇಪ್ಪತ್ತು, ಐವತ್ತು. ನೀರು ಇನ್ನೂ ಮೊಳಕಾಲಿನಲ್ಲೇ ಇತ್ತು. ನಿಂತು ಹಿಂದಿರುಗಿ ನೋಡಿ, ‘ಇದು ಸಮುದ್ರವೋ, ಆಲಮಟ್ಟಿಯ ಹಿನ್ನೀರೋ?’ ಎಂದು ಕೇಳಿದಳು. ಆಮೇಲೆ ಅಲ್ಲೇ ಕುಳಿತುಬಿಟ್ಟಳು, ಸೊಂಟದವರೆಗೆ ನೀರಿನಲ್ಲಿ, ಕಟ್ಟೆಯ ಮೇಲೆ ಕುಳಿತಂತೆ. ಮಂಡಿನೋವಿನ ಅವಳನ್ನು ಎಬ್ಬಿಸಲು ಇಬ್ಬರು ಬೇಕಾದರು.

ದಂಡೆಯ ಜೊತೆ ನೋಡಲು ಏನಾದರೂ ಬೇಕು ಎನ್ನುವವರಿಗೆ ಟ್ರಿಂಕಾಮಲಿ ಒಳ್ಳೆಯದು. ಉಪ್ಪುವೇಲಿ, ನಿಲಾವೇಲಿ ಎಂಬ ಎರಡು ದಂಡೆಗಳು ಊರಿನ ಉತ್ತರಕ್ಕಿವೆ. ನಿಲಾವೇಲಿಯಿಂದ ದೋಣಿ ಹತ್ತಿದರೆ ಪಾರಿವಾಳ ದ್ವೀಪ; ಹವಳ ಮತ್ತು ಬಣ್ಣದ ಮೀನುಗಳನ್ನು ಮುಖ ಮುಳುಗಿಸಿಯೇ ನೋಡಬಹುದು. ಊರಿನ ಕಡಿಬಂಡೆಯ ಮೇಲೆ ಕೋಣೇಶ್ವರ. ಹದಿನೇಳನೆಯ ಶತಮಾನದಲ್ಲಿ ಪೋರ್ಚುಗೀಸರು ಕೆಡವಿದ ಗುಡಿ ಮತ್ತೆ ಎದ್ದು ನಿಂತಿದೆ. ಕೆಳಗೆ ಬಗ್ಗಿ ನೋಡಿದರೆ ತಲೆ ತಿರುಗುವಷ್ಟು ಆಳದಲ್ಲಿ ಸಮುದ್ರ; ಗುಡಿಗೆ ಹೋಗುವ ದಾರಿಯ ಕೋಟೆಯೊಳಗೆ ಜಿಂಕೆಗಳು ನಮ್ಮ ಓಣಿಯ ದನಗಳಂತೆ ಓಡಾಡುತ್ತವೆ. ಅರುಗಂ ಬೇ ಹಲಗೆಯ ಮೇಲೆ ಅಲೆ ಹತ್ತುವ ಹುಡುಗರ ಊರು, ಸಂಸಾರ ಕಟ್ಟಿಕೊಂಡು ಹೋಗುವವರಿಗಲ್ಲ.

ದಕ್ಷಿಣದ್ದು ಚುಟುಕಾಗಿ ಹೇಳುತ್ತೇನೆ, ನಾನು ಅದನ್ನು ಕಂಡದ್ದು ಛತ್ರಿಯ ಕೆಳಗಿನಿಂದ. ಬೆಂಟೋಟದಲ್ಲಿ ಸಮುದ್ರದ ಜೊತೆ ಹಿನ್ನೀರೂ ಇದೆ. ಉನವಟುನದಿಂದ ಗಾಲೆ ಕೋಟೆ ಐದಾರು ಕಿ.ಮೀ.; ಮಳೆಯಲ್ಲೂ ಅದರ ಗೋಡೆಯ ಮೇಲಿನ ನಡಿಗೆ ನಮಗೆ ದಕ್ಕಿತು. ಮಿರಿಸ್ಸದಿಂದ ಚಳಿಗಾಲದಲ್ಲಿ ನೀಲಿ ತಿಮಿಂಗಿಲ ತೋರಿಸಲು ದೋಣಿಗಳು ಹೊರಡುತ್ತವೆ.

ಪೂರ್ವಕ್ಕೆ ಒಂದು ತೊಂದರೆ ಇದೆ: ದೂರ. ಇಲ್ಲಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರು, ಅಲ್ಲಿಂದ ಕೊಲಂಬೊ ವಿಮಾನ ಒಂದೂವರೆ ಗಂಟೆ. ಆದರೆ ವಿಮಾನ ನಿಲ್ದಾಣವಿರುವ ಕಟುನಾಯಕ ಪಶ್ಚಿಮ ತೀರದಲ್ಲಿದೆ. ಟ್ರಿಂಕಾಮಲಿಗೆ ಸುಮಾರು 250 ಕಿ.ಮೀ., ಪಾಸಿಕುಡಾ ಇನ್ನೂ ಸ್ವಲ್ಪ ದೂರ, ಕಾರಿನಲ್ಲಿ ಐದಾರು ಗಂಟೆ. ನಡುವೆ ದಂಬುಲ್ಲ ಅಥವಾ ಸಿಗಿರಿಯಾದಲ್ಲಿ ಒಂದು ರಾತ್ರಿ ತಂಗಿ. ಹಬರಣದಿಂದ ಮುಂದೆ ಕತ್ತಲಲ್ಲಿ ಹೋಗಬೇಡಿ, ಕಾಡಾನೆಗಳು ರಸ್ತೆಗೆ ಬರುತ್ತವೆ. ಮುಟ್ಟಿದ ಮೇಲೆ ಒಂದೇ ಕಡೆ ಗೂಟ ಬಡಿದು ಕುಳಿತುಕೊಳ್ಳಿ. ಏಳು ದಿನಕ್ಕೆ ಎಂಟು ಊರು ತೋರಿಸುವ ಪ್ಯಾಕೇಜುಗಳಿವೆ; ಅದು ಜಾತ್ರೆಯ ಓಡಾಟ, ವಿಶ್ರಾಂತಿಯಲ್ಲ. ಪೂರ್ವದ ದಂಡೆಯಲ್ಲಿ ಬೆಳಗ್ಗೆ ಎಂಟಕ್ಕೇ ಬಿಸಿಲು ಕಣ್ಣು ಕುಕ್ಕುತ್ತದೆ, ನಾಲ್ಕರ ಮೇಲೆ ತೆಂಗಿನ ನೆರಳು ಮರಳಿನ ಮೇಲೆ ಚಾಚಿಕೊಳ್ಳುತ್ತದೆ. ಹಾಗಾಗಿ ನಸುಕಿನಲ್ಲಿ ಒಮ್ಮೆ, ಸಂಜೆ ಒಮ್ಮೆ ನೀರಿಗಿಳಿಯಿರಿ, ನಡುವೆ ನಿದ್ದೆ.

ಊಟದ ಮಾತು, ಏಕೆಂದರೆ ನಮ್ಮ ಮನೆಯಲ್ಲಿ ಮೀನು ಮಾಂಸ ಇಲ್ಲ. ಪೂರ್ವದಲ್ಲಿ ತಮಿಳರು ಹೆಚ್ಚು, ‘ಸೈವ ಕಡೈ’ ಎಂದು ಕೇಳಿದರೆ ಶಾಕಾಹಾರಿ ಹೋಟೆಲ್ ತೋರಿಸುತ್ತಾರೆ. ಉಳಿದ ಕಡೆ ಕಾಯಿಯ ‘ಸಂಬೋಲ’ ಎಂಬ ಚಟ್ನಿ, ಬೇಳೆ ಸಾರು ಕಂಡು ಕೈ ಹಾಕಬೇಡಿ. ಒಣಮೀನಿನ ಚೂರು ಹಾಕುವುದುಂಟು, ಕೇಳಿಯೇ ತಿನ್ನಿ. ಶೇಂಗಾ ಚಟ್ನಿ ಪುಡಿ ಎಷ್ಟು ಒಯ್ದರೂ ಸಾಲದು. ಖಡಕ್ ರೊಟ್ಟಿಯನ್ನು ಮಾತ್ರ ಗಾಳಿಯಾಡದ ಡಬ್ಬಿಯಲ್ಲಿಡಿ. ನಾವು ಬಟ್ಟೆಯಲ್ಲಿ ಸುತ್ತಿ ಒಯ್ದದ್ದು ಎರಡನೆಯ ಬೆಳಗ್ಗೆ ಮುರಿದರೆ ಸದ್ದೇ ಬರಲಿಲ್ಲ, ಚರ್ಮದಂತೆ ಬಾಗಿತು.

ಆನ್‌ಲೈನಿನಲ್ಲಿ ಪ್ರವಾಸದ ಅನುಮತಿ ಪಡೆಯಬೇಕು, ಅದೇನು ಕಷ್ಟವಲ್ಲ. ಅದಕ್ಕೂ ಮೊದಲು, ಕೋಣೆಗೆ ಮುಂಗಡ ಕಳಿಸುವ ಮುನ್ನ, ಹೋಟೆಲಿಗೆ ಫೋನ್ ಮಾಡಿ. ಹವೆ ಹೇಗಿರುತ್ತದೆ ಎಂದು ಕೇಳಬೇಡಿ, ಚೆನ್ನಾಗಿರುತ್ತದೆ ಎಂದೇ ಹೇಳುತ್ತಾರೆ. ‘ಹೋದ ವರ್ಷ ಇದೇ ವಾರ ನಿಮ್ಮ ದಂಡೆಯಲ್ಲಿ ಯಾವ ಬಣ್ಣದ ಬಾವುಟ ಇತ್ತು?’ ಎಂದು ಕೇಳಿ.